ಎಣ್ಣೆ ಬಾಯ್ಲರ್‌ಗಳ ವಾಯುಮಾಲಿನ್ಯ ಅಂದಾಜು: ಪೂರ್ವ ಬೆಂಗಳೂರಿನ ನೆಲೆಯಲ್ಲಿ

ಫರ್ನೇಸ್ ಆಯಿಲ್, ಲೈಟ್ ಡೀಸೆಲ್ ಆಯಿಲ್ (ಎಲ್‌ಡಿಒ), ಡೀಸೆಲ್ ಮುಂತಾದ ಎಣ್ಣೆಗಳನ್ನು ಉರಿಸಿ ಹಬೆ ತಯಾರಿಸುವ ಕೈಗಾರಿಕಾ ಬಾಯ್ಲರ್‌ಗಳ ಚಿಮಣಿಯಿಂದ ಯಾವ ಮಾಲಿನ್ಯಕಾರಕ ಎಷ್ಟು ಪ್ರಮಾಣದಲ್ಲಿ ಗಾಳಿಗೆ ಸೇರುತ್ತದೆ ಎಂದು ಲೆಕ್ಕಹಾಕುವ ಕ್ರಮವಿದು. ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್‌ಗಳು, ದೂಳುಕಣಗಳು, ಕಾರ್ಬನ್ ಮೊನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಈ ಲೆಕ್ಕದ ಮುಖ್ಯ ಬಾಬತ್ತುಗಳು. ಇವೆಲ್ಲವನ್ನೂ ಒಂದೇ ವಿಧಾನದಿಂದ ಅಂದಾಜು ಮಾಡಲಾಗದು. ಗಂಧಕದ ಪ್ರಮಾಣವನ್ನು ಕೊಂಡ ಎಣ್ಣೆಯೇ ನಿರ್ಧರಿಸುತ್ತದೆ. ಸಾರಜನಕದ ಆಕ್ಸೈಡ್‌ಗಳು ಹೆಚ್ಚಾಗಿ ಉರಿಯ ಸ್ವಭಾವವನ್ನೂ ದೂಳುಕಣಗಳು ಬರ್ನರ್‌ನ ಸ್ಥಿತಿಯನ್ನೂ ಅವಲಂಬಿಸುತ್ತವೆ. ಆದ್ದರಿಂದ ಎಣ್ಣೆ ಬಿಲ್ಲು, ಚಿಮಣಿಯ ಅಳತೆ ಮತ್ತು ಪ್ರಕಟಿತ ಗುಣಾಂಕ ಈ ಮೂರರಲ್ಲಿ ಯಾವುದನ್ನು ಯಾವುದಕ್ಕೆ ನಂಬಬೇಕು ಎಂಬುದೇ ಈ ವಿಷಯದ ತಿರುಳು.

ಪ್ರದೇಶ ಮತ್ತು ಬಾಯ್ಲರ್‌ಗಳು

ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಹಬೆಯ ಬಳಕೆ ಹಳೆಯದು. ಈಗ ಯುಬಿ ಸಿಟಿ ನಿಂತಿರುವ ನೆಲದಲ್ಲಿ ಹಿಂದೆ ಬಿಯರ್ ತಯಾರಿಕೆಯ ಕಾರ್ಖಾನೆಯಿತ್ತು. ಪೂರ್ವದಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಬಂದವು. ಮಹದೇವಪುರ, ಹೂಡಿ, ದೊಡ್ಡನೆಕ್ಕುಂದಿ, ವೈಟ್‌ಫೀಲ್ಡ್ ಕಡೆಗೆ ಕೈಗಾರಿಕಾ ಪ್ರದೇಶಗಳು ಹಬ್ಬಿದವು. 1990ರ ದಶಕದಿಂದ ಅದೇ ನೆಲದಲ್ಲಿ ಐಟಿಪಿಎಲ್‌ನಂಥ ತಂತ್ರಜ್ಞಾನ ಪಾರ್ಕ್‌ಗಳೂ ಬಹುಮಹಡಿ ವಸತಿಗಳೂ ಎದ್ದವು. ಕಾರ್ಖಾನೆಯ ಗೋಡೆಗೂ ಮನೆಯ ಬಾಲ್ಕನಿಗೂ ನಡುವಿನ ಅಂತರ ಕಿರಿದಾಯಿತು.

ಇಂಥ ಕಡೆ ಕಾಣುವ ಬಾಯ್ಲರ್‌ಗಳು ವಿದ್ಯುತ್ ಸ್ಥಾವರದ ಗಾತ್ರದವಲ್ಲ. ಬಟ್ಟೆ ತೊಳೆದು ಬಣ್ಣ ಹಾಕುವ ಘಟಕ, ಆಹಾರ ಮತ್ತು ಔಷಧ ತಯಾರಿಕೆ, ಲೋಹಲೇಪನ, ಆಸ್ಪತ್ರೆಯ ಸ್ಟೆರಿಲೈಸರ್, ದೊಡ್ಡ ಹೋಟೆಲಿನ ಅಡುಗೆಮನೆ ಮತ್ತು ಲಾಂಡ್ರಿಗಳಿಗೆ ಗಂಟೆಗೆ ಕೆಲವು ನೂರು ಕಿಲೊಗ್ರಾಂನಿಂದ ಕೆಲವು ಟನ್‌ವರೆಗೆ ಹಬೆ ಸಾಕು. ಒಂದೊಂದಾಗಿ ನೋಡಿದರೆ ಇವು ಚಿಕ್ಕವು. ಆದರೆ ಅವುಗಳ ಚಿಮಣಿ ಗಿಡ್ಡ, ಸುತ್ತ ಜನವಸತಿ ದಟ್ಟ.

ಬಾಯ್ಲರ್‌ಗಳ ದಾಖಲೆ ಎರಡು ಕಡೆ ಹಂಚಿಹೋಗಿದೆ. ಹಬೆಯ ಒತ್ತಡ, ಸಾಮರ್ಥ್ಯ, ಸುರಕ್ಷತೆಯ ವಿವರಗಳು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿರುತ್ತವೆ. ಈ ನೋಂದಣಿಗೆ 1923ರ ಬಾಯ್ಲರ್ ಕಾಯ್ದೆ ದೀರ್ಘಕಾಲ ಆಧಾರವಾಗಿತ್ತು. 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಇಂಧನ, ಚಿಮಣಿ, ಮಾಲಿನ್ಯದ ವಿವರಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 1981ರ ವಾಯು ಕಾಯ್ದೆಯಡಿ ನೀಡುವ ಸಮ್ಮತಿಪತ್ರದಲ್ಲಿರುತ್ತವೆ. ಅಂದಾಜಿಗೆ ಇಳಿದವರು ಎರಡೂ ಕಡತಗಳನ್ನು ಜೋಡಿಸಿ ನೋಡಬೇಕು. ಮೊದಲನೆಯದು ಬಾಯ್ಲರ್ ಎಷ್ಟು ಹಬೆ ಕೊಡಬಲ್ಲದು ಎಂದು ಹೇಳುತ್ತದೆ, ಎರಡನೆಯದು ಯಾವ ಇಂಧನಕ್ಕೆ ಅನುಮತಿ ಇದೆ ಎಂದು. ನಿಜವಾಗಿ ಎಷ್ಟು ಉರಿಯಿತು ಎಂಬುದಕ್ಕೆ ಬಾಯ್ಲರ್ ಮನೆಯ ಲಾಗ್ ಬುಕ್ ಮತ್ತು ಎಣ್ಣೆ ಖರೀದಿಯ ಬಿಲ್ಲುಗಳೇ ಸಾಕ್ಷಿ.

ಎಣ್ಣೆಯ ಗುಣ

ಫರ್ನೇಸ್ ಆಯಿಲ್ ಎಂದರೆ ಕಚ್ಚಾತೈಲದಿಂದ ಹಗುರ ಅಂಶಗಳನ್ನು ತೆಗೆದ ಬಳಿಕ ಉಳಿಯುವ ಗಟ್ಟಿ, ಕಪ್ಪು ಎಣ್ಣೆ. ಭಾರತೀಯ ಮಾನಕ ಐಎಸ್ 1593 ಇದರಲ್ಲಿ, ದರ್ಜೆಗೆ ತಕ್ಕಂತೆ, ತೂಕದ ಶೇ 3.5ರಿಂದ 4.5ರವರೆಗೆ ಗಂಧಕಕ್ಕೆ ಅವಕಾಶ ಕೊಡುತ್ತದೆ. ಕಚ್ಚಾತೈಲದ ಬಹುಪಾಲು ಗಂಧಕ, ಬೂದಿ, ವನೇಡಿಯಂ, ನಿಕಲ್ ಎಲ್ಲವೂ ಈ ತಳದ ಎಣ್ಣೆಯಲ್ಲೇ ಉಳಿಯುತ್ತವೆ. ಇದರ ಉಷ್ಣಮೌಲ್ಯ ಕಿಲೊಗೆ ಸುಮಾರು 10,500 ಕಿಲೊಕ್ಯಾಲರಿ. ತಣ್ಣಗಿದ್ದಾಗ ಇದು ಹರಿಯುವುದೇ ಕಷ್ಟ. ಬಿಸಿ ಮಾಡಿ ತೆಳುವಾಗಿಸಿದ ಮೇಲೆಯೇ ಬರ್ನರ್‌ಗೆ ಕೊಡಬೇಕು. ಬಿಸಿ ಸಾಲದಿದ್ದರೆ ಹನಿ ದಪ್ಪವಾಗಿ ನಡುಭಾಗ ಪೂರ್ತಿ ಉರಿಯದೆ ಮಸಿಯಾಗುತ್ತದೆ.

ಎಲ್‌ಡಿಒದಲ್ಲಿ ಗಂಧಕ ಸಾಮಾನ್ಯವಾಗಿ ಶೇ 0.5ರಿಂದ 1.8ರವರೆಗೆ ಇರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಅದರ ಮಿತಿ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಮೂರೂ ಎಣ್ಣೆಗಳ ಉಷ್ಣಮೌಲ್ಯದಲ್ಲಿ ಅಂಥ ಅಂತರವಿಲ್ಲ, ಗಂಧಕದಲ್ಲಿ ಅಜಗಜಾಂತರವಿದೆ. ಅಂದಾಜಿನ ಹಾಳೆಯಲ್ಲಿ ಇಂಧನದ ಹೆಸರಿನ ಬದಲು 'ಎಣ್ಣೆ' ಎಂದಷ್ಟೇ ಬರೆದರೆ ಉತ್ತರ ಸಾವಿರಾರು ಪಟ್ಟು ತಪ್ಪಬಹುದು.

ಅಂದಾಜಿನ ವಿಧಾನಗಳು

*ದ್ರವ್ಯರಾಶಿಯ ಲೆಕ್ಕ.* ಎಣ್ಣೆಯೊಳಗಿನ ಗಂಧಕಕ್ಕೆ ಚಿಮಣಿಯ ಹೊರತು ಬೇರೆ ದಾರಿ ಇಲ್ಲ. ಅದರ ಶೇ 95ಕ್ಕಿಂತ ಹೆಚ್ಚು ಭಾಗ ಡೈಆಕ್ಸೈಡ್ ಆಗುತ್ತದೆ. ಉಳಿದದ್ದು ಟ್ರೈಆಕ್ಸೈಡ್ ಮತ್ತು ಸಲ್ಫೇಟ್ ಕಣವಾಗುತ್ತದೆ. ಗಂಧಕದ ಪರಮಾಣು ತೂಕ 32, ಡೈಆಕ್ಸೈಡಿನ ಅಣು ತೂಕ 64. ಆದ್ದರಿಂದ ಉರಿದ ಗಂಧಕದ ತೂಕವನ್ನು ಎರಡರಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಕಾರ್ಬನ್ ಡೈಆಕ್ಸೈಡಿಗೂ ಇದೇ ತರ್ಕ ಸಾಕು. ಐಪಿಸಿಸಿ ಗುಣಾಂಕದಂತೆ ಒಂದು ಟನ್ ಫರ್ನೇಸ್ ಆಯಿಲ್ ಉರಿದರೆ ಸುಮಾರು 3.13 ಟನ್ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ.

*ಹೊರಸೂಸು ಗುಣಾಂಕ.* ಹಲವು ಬಾಯ್ಲರ್‌ಗಳಲ್ಲಿ ಅಳೆದು ಸರಾಸರಿ ತೆಗೆದು, ಒಂದು ಕಿಲೊಲೀಟರ್ ಎಣ್ಣೆಗೆ ಇಷ್ಟು ಕಿಲೊ ಮಾಲಿನ್ಯ ಎಂದು ಕಟ್ಟಿಕೊಟ್ಟ ಅಂಕಿ ಇದು. ಅಮೆರಿಕದಲ್ಲಿ 1968ರಲ್ಲಿ ಮೊದಲು ಹೊರಬಂದು, ಈಗ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ನಿರ್ವಹಿಸುವ ಎಪಿ-42 ಎಂಬ ಸಂಕಲನ ಲೋಕದೆಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಫರ್ನೇಸ್ ಆಯಿಲ್‌ಗೆ ಹತ್ತಿರದ ಭಾರ ಎಣ್ಣೆ ಮತ್ತು ಡೀಸೆಲ್ ವರ್ಗದ ಹಗುರ ಎಣ್ಣೆಗೆ ಇರುವ ಅಂಕಿಗಳನ್ನು ಮೆಟ್ರಿಕ್‌ಗೆ ತಿರುಗಿಸಿದರೆ ಹೀಗಾಗುತ್ತದೆ (ಕಿಲೊಲೀಟರ್‌ಗೆ ಕಿಲೊಗ್ರಾಂ, 'ಗಂ' ಎಂದರೆ ಗಂಧಕದ ಶೇಕಡಾ ಪ್ರಮಾಣ):

| ಮಾಲಿನ್ಯಕಾರಕ | ಭಾರ ಎಣ್ಣೆ | ಹಗುರ ಎಣ್ಣೆ |
|---|---|---|
| ಗಂಧಕದ ಡೈಆಕ್ಸೈಡ್ | 18.8 × ಗಂ | 17.0 × ಗಂ |
| ಸಾರಜನಕದ ಆಕ್ಸೈಡ್‌ಗಳು | 6.6 | 2.4 |
| ಸೋಸಿ ಹಿಡಿಯಬಹುದಾದ ಕಣಗಳು | 1.10 × ಗಂ + 0.39 | 0.24 |
| ಕಾರ್ಬನ್ ಮೊನಾಕ್ಸೈಡ್ | 0.6 | 0.6 |

ಇವು ನಿಯಂತ್ರಣ ಸಾಧನವಿಲ್ಲದ ಸಣ್ಣ, ಮಧ್ಯಮ ಕೈಗಾರಿಕಾ ಬಾಯ್ಲರ್‌ಗಳ ಅಂಕಿಗಳು. ಸಾರಜನಕದ 6.6ರ ಹಿಂದೆ ಇನ್ನೊಂದು ಸೂತ್ರವಿದೆ: 2.46ಕ್ಕೆ, ಎಣ್ಣೆಯಲ್ಲಿನ ಸಾರಜನಕದ ಶೇಕಡಾ ಪ್ರಮಾಣದ 12.53 ಪಟ್ಟು ಕೂಡಬೇಕು. ಮೊದಲ ಭಾಗ ಉರಿಯ ಬಿಸಿಗೆ ಗಾಳಿಯ ಸಾರಜನಕ ಆಕ್ಸೈಡ್ ಆದದ್ದು, ಎರಡನೆಯದು ಎಣ್ಣೆಯಲ್ಲೇ ಇದ್ದ ಸಾರಜನಕದ್ದು. ಭಾರ ಎಣ್ಣೆಯಲ್ಲಿ ಎರಡನೆಯ ಭಾಗವೇ ಹೆಚ್ಚು. ಆದ್ದರಿಂದ ಎಣ್ಣೆಯ ಸಾರಜನಕ ಪರೀಕ್ಷೆಯ ವರದಿ ಸಿಕ್ಕರೆ ಸರಾಸರಿ ಅಂಕಿಯನ್ನು ಬಿಟ್ಟು ಸೂತ್ರವನ್ನೇ ಬಳಸುವುದು ಲೇಸು.

ಕಣಗಳ ವಿಚಾರದಲ್ಲಿ ಒಟ್ಟು ತೂಕದ ಜೊತೆ ಗಾತ್ರವೂ ಮುಖ್ಯ. ಭಾರ ಎಣ್ಣೆ ಉರಿಸುವ ಕೈಗಾರಿಕಾ ಬಾಯ್ಲರ್‌ನ ಕಣಗಳಲ್ಲಿ ಶೇ 86ರಷ್ಟು ಪಿಎಂ10 (10 ಮೈಕ್ರಾನ್‌ವರೆಗಿನವು), ಶೇ 56ರಷ್ಟು ಪಿಎಂ2.5 (2.5 ಮೈಕ್ರಾನ್‌ವರೆಗಿನವು) ಎಂಬುದು ಎಪಿ-42ರ ಲೆಕ್ಕ. ಇದರ ಹೊರಗೆ, ಚಿಮಣಿಯಲ್ಲಿ ಆವಿಯಾಗಿದ್ದು ತಣಿದ ಮೇಲೆ ಕಣವಾಗುವ ಪಾಲೂ ಇದೆ. ಸೋಸುಕಾಗದದ ಮೇಲಿನ ತೂಕದಲ್ಲಿ ಅದು ಬರುವುದಿಲ್ಲ.

*ಚಿಮಣಿಯ ಅಳತೆ.* ಐಎಸ್ 11255 ಸರಣಿಯ ವಿಧಾನಗಳಂತೆ ಚಿಮಣಿಯ ರಂಧ್ರದಿಂದ ನಳಿಕೆ ತೂರಿಸಿ ಅನಿಲದ ವೇಗ, ಬಿಸಿ, ಕಣಗಳು, ಅನಿಲಗಳನ್ನು ಅಳೆಯುತ್ತಾರೆ. ನಳಿಕೆಯ ಬಾಯಿಗೆ ಅನಿಲ ಸೇರುವ ವೇಗವೂ ಚಿಮಣಿಯೊಳಗಿನ ವೇಗವೂ ಒಂದೇ ಆಗಿರಬೇಕು. ಇಲ್ಲದಿದ್ದರೆ ದಪ್ಪ ಕಣಗಳ ಪಾಲು ಏರುಪೇರಾಗುತ್ತದೆ. ಅಳತೆ ಆ ಹೊತ್ತಿನ ಮಟ್ಟಿಗೆ ನಿಖರ. ಆದರೆ ತಪಾಸಣೆಯ ದಿನ ಬರ್ನರ್ ಹದವಾಗಿರುವುದೂ ಬಾಯ್ಲರ್ ಸ್ಥಿರ ಭಾರದಲ್ಲಿ ಓಡುವುದೂ ಸಹಜ. ಬೆಳಗಿನ ತಣ್ಣನೆಯ ಚಾಲನೆ, ಪದೇ ಪದೇ ನಿಂತು ಹೊತ್ತುವ ಉರಿ, ಮಸಿ ಊದಿ ತೆಗೆಯುವ ಹೊತ್ತು ಈ ಅಳತೆಯಲ್ಲಿ ಸಿಗುವುದಿಲ್ಲ. ಒಂದು ಗಂಟೆಯ ಅಂಕಿಯನ್ನು ವರ್ಷದ ಗಂಟೆಗಳಿಂದ ಗುಣಿಸುವ ಮುನ್ನ ಇದನ್ನು ನೆನಪಿನಲ್ಲಿಡಬೇಕು.

ಒಂದು ಮಾದರಿ ಲೆಕ್ಕ

ಮಹದೇವಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಗಂಟೆಗೆ 3 ಟನ್ ಸಾಮರ್ಥ್ಯದ ಬಾಯ್ಲರ್ ಒಂದಿದೆ ಎಂದು ಕಲ್ಪಿಸಿಕೊಳ್ಳೋಣ. ಅದು ಗಂಟೆಗೆ 200 ಲೀಟರ್ ಫರ್ನೇಸ್ ಆಯಿಲ್ ಉರಿಸುತ್ತದೆ. ಸಾಂದ್ರತೆ 0.95 ಎಂದರೆ ತೂಕ 190 ಕಿಲೊ. ಕಿಲೊ ಎಣ್ಣೆಗೆ 13 ಕಿಲೊ ಹಬೆಯ ಲೆಕ್ಕದಲ್ಲಿ ಗಂಟೆಗೆ ಸುಮಾರು 2.5 ಟನ್ ಹಬೆ ಬರುತ್ತದೆ. ಗಂಧಕ ಶೇ 3 ಇರಲಿ, ಓಟ ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನವಿರಲಿ.

ಗಂಧಕ ಗಂಟೆಗೆ 5.7 ಕಿಲೊ, ಅದರ ಡೈಆಕ್ಸೈಡ್ 11.4 ಕಿಲೊ. ಗುಣಾಂಕದ ದಾರಿಯಲ್ಲಿ ಹೋದರೆ 11.3 ಬರುತ್ತದೆ, ಎರಡೂ ತಾಳೆಯಾಗುತ್ತವೆ. ಸಾರಜನಕದ ಆಕ್ಸೈಡ್‌ಗಳು 1.3 ಕಿಲೊ, ಕಣಗಳು 0.74 ಕಿಲೊ, ಕಾರ್ಬನ್ ಮೊನಾಕ್ಸೈಡ್ 0.12 ಕಿಲೊ, ಕಾರ್ಬನ್ ಡೈಆಕ್ಸೈಡ್ 594 ಕಿಲೊ. ವರ್ಷಕ್ಕೆ ಗಂಧಕದ ಡೈಆಕ್ಸೈಡ್ ಹತ್ತಿರ ಹತ್ತಿರ 55 ಟನ್, ಸಾರಜನಕದ ಆಕ್ಸೈಡ್‌ಗಳು 6.3 ಟನ್, ಕಣಗಳು 3.5 ಟನ್.

ಇದೇ ಉಷ್ಣವನ್ನು ಬಿಎಸ್-6 ಡೀಸೆಲ್‌ನಿಂದ ಪಡೆದರೆ ಗಂಧಕದ ಡೈಆಕ್ಸೈಡ್ ಗಂಟೆಗೆ 4 ಗ್ರಾಂ ಮೀರದು. ಸಾರಜನಕದ ಆಕ್ಸೈಡ್‌ಗಳು ಮಾತ್ರ ಅರ್ಧ ಕಿಲೊದಷ್ಟು ಉಳಿಯುತ್ತವೆ. ನೈಸರ್ಗಿಕ ಅನಿಲಕ್ಕೆ ಬದಲಾದರೆ ಅವು ಎಪಿ-42ರ ಸಣ್ಣ ಬಾಯ್ಲರ್ ಗುಣಾಂಕದಂತೆ ಸುಮಾರು 0.34 ಕಿಲೊಗೆ ಇಳಿಯುತ್ತವೆ. ಇಂಧನ ಬದಲಾದರೂ ಉರಿ ಉರಿಯೇ. ಸಾರಜನಕದ ಲೆಕ್ಕ ಸೊನ್ನೆಗೆ ಬರುವುದಿಲ್ಲ.

ಸಾಂದ್ರತೆ, ಎತ್ತರ, ಒತ್ತಡ

ಕಾನೂನಿನ ಮಿತಿಗಳು ಗಂಟೆಯ ಕಿಲೊದಲ್ಲಿರದೆ, ಒಂದು ಸಾಮಾನ್ಯ ಘನಮೀಟರ್ ಅನಿಲದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಸಾಂದ್ರತೆಯಲ್ಲಿರುತ್ತವೆ. ಸಾಮಾನ್ಯ ಎಂದರೆ 25 ಡಿಗ್ರಿ ಸೆಲ್ಸಿಯಸ್, 760 ಮಿಲಿಮೀಟರ್ ಪಾದರಸದ ಒತ್ತಡ. ಹೆಚ್ಚುವರಿ ಗಾಳಿ ಬೆರೆಸಿ ಅಂಕಿಯನ್ನು ತೆಳುವಾಗಿಸದಂತೆ ಶೇ 12 ಕಾರ್ಬನ್ ಡೈಆಕ್ಸೈಡಿಗೆ ತಿದ್ದಿ ನೋಡಬೇಕು.

ಈ ತಿದ್ದುಪಡಿಯಲ್ಲಿ ಬೆಂಗಳೂರಿಗೆ ತನ್ನದೇ ಒಂದು ತೊಡಕಿದೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ 680 ಮಿಲಿಮೀಟರ್ ಆಸುಪಾಸು. ಮಾದರಿ ಹೀರಿದ ಅನಿಲದ ಗಾತ್ರವನ್ನು ಒತ್ತಡಕ್ಕೆ ತಿದ್ದದೆ ಬಿಟ್ಟರೆ ಗಾತ್ರ ಹೆಚ್ಚಾಗಿ, ಸಾಂದ್ರತೆ ಶೇ 10ರಷ್ಟು ಕಡಿಮೆಯಾಗಿ ಕಾಣುತ್ತದೆ. ಮಂಗಳೂರಿನಲ್ಲಿ ಲೆಕ್ಕಕ್ಕೆ ಬಾರದ ಈ ತಪ್ಪು ಇಲ್ಲಿ ಮಿತಿಯ ಅಂಚಿನಲ್ಲಿರುವ ಬಾಯ್ಲರನ್ನು ಪಾಸು ಮಾಡಿಸಬಲ್ಲದು.

ಮಾದರಿ ಬಾಯ್ಲರ್‌ಗೆ ಶೇ 20 ಹೆಚ್ಚುವರಿ ಗಾಳಿ ಕೊಟ್ಟರೆ ಕಿಲೊ ಎಣ್ಣೆಗೆ ಸುಮಾರು 13 ಸಾಮಾನ್ಯ ಘನಮೀಟರ್ ಒಣ ಅನಿಲ ಹೊರಡುತ್ತದೆ. ಶೇ 12 ಕಾರ್ಬನ್ ಡೈಆಕ್ಸೈಡಿಗೆ ತಿದ್ದಿದ ಮೇಲೆ ಕಣಗಳ ಸಾಂದ್ರತೆ 270 ಮಿಲಿಗ್ರಾಂ ಆಸುಪಾಸು ಬರುತ್ತದೆ. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಗಂಟೆಗೆ 2ರಿಂದ 10 ಟನ್‌ಗಿಂತ ಕಡಿಮೆ ಹಬೆಯ ಸಣ್ಣ ಬಾಯ್ಲರ್‌ಗಿರುವ ಕಣಗಳ ಮಿತಿ 800. ಬಾಯ್ಲರ್ ಸಲೀಸಾಗಿ ಗೆದ್ದಂತಾಯಿತು. ಅದೇ ಅನಿಲದಲ್ಲಿ ಗಂಧಕದ ಡೈಆಕ್ಸೈಡ್ ಸುಮಾರು 4,100 ಮಿಲಿಗ್ರಾಂ ಇರುತ್ತದೆ! ಕಲ್ಲಿದ್ದಲಿನ ದೂಳನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಗೋಲು ಎಣ್ಣೆ ಬಾಯ್ಲರ್‌ನ ಮುಖ್ಯ ದೋಷವನ್ನೇ ಹಿಡಿಯಲಾರದು. ಕೈಗಾರಿಕಾ ಬಾಯ್ಲರ್‌ಗಳ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳಿಗೆ ಕೇಂದ್ರ ಪರಿಸರ ಸಚಿವಾಲಯ ಪ್ರತ್ಯೇಕ ಮಿತಿ ಹಾಕಿದ್ದು 2018ರ ಜನವರಿಯಲ್ಲಿ. ಸಮ್ಮತಿಪತ್ರದಲ್ಲಿ ರಾಜ್ಯ ಮಂಡಳಿ ಇನ್ನೂ ಬಿಗಿಯಾದ ಮಿತಿ ಹಾಕಬಹುದು.

ಅದಕ್ಕೂ ಮೊದಲು ಗಂಧಕದ ಲೆಕ್ಕ ಕಾನೂನಿನಲ್ಲಿ ಇಣುಕುತ್ತಿದ್ದದ್ದು ಚಿಮಣಿಯ ಎತ್ತರದ ಸೂತ್ರದಲ್ಲಿ. ಗಂಟೆಗೆ ಹೊರಬೀಳುವ ಗಂಧಕದ ಡೈಆಕ್ಸೈಡನ್ನು ಕಿಲೊದಲ್ಲಿ ತೆಗೆದುಕೊಂಡು ಅದರ 0.3ನೆಯ ಘಾತವನ್ನು 14ರಿಂದ ಗುಣಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. ನಮ್ಮ ಬಾಯ್ಲರ್‌ಗೆ ಅದು 29 ಮೀಟರ್. ಘಾತ ಚಿಕ್ಕದಾದ್ದರಿಂದ ಗಂಧಕ ಇಮ್ಮಡಿಯಾದರೂ ಎತ್ತರ ಶೇ 23ರಷ್ಟು ಮಾತ್ರ ಏರುತ್ತದೆ. ಎತ್ತರದ ಚಿಮಣಿ ಹೊಗೆಯನ್ನು ದೂರ ಚೆದುರಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಪಕ್ಕದಲ್ಲೇ ಹತ್ತು ಮಹಡಿಯ ವಸತಿ ಎದ್ದರೆ 29 ಮೀಟರ್ ಎತ್ತರದ ಚಿಮಣಿಯ ಬಾಯಿ ಅದರ ಮೇಲ್ಮಹಡಿಗಳ ಕಿಟಕಿಗಳಿಗೆ ಸರಿಸಮವಾಗುತ್ತದೆ.

ನಗರದ ಪಟ್ಟಿಯಲ್ಲಿ ಬಾಯ್ಲರ್‌ಗಳ ಸ್ಥಾನ

ಬೆಂಗಳೂರಿನ ವಾಯುಮಾಲಿನ್ಯದ ಮೂಲಗಳನ್ನು ವಿಂಗಡಿಸಿದ ಪ್ರಮುಖ ಅಧ್ಯಯನವನ್ನು ಟೆರಿ ಸಂಸ್ಥೆ ನಡೆಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆರು ನಗರಗಳ ಅಧ್ಯಯನದ ಭಾಗವಾಗಿ ಅದರ ವರದಿ 2010ರಲ್ಲಿ ಬಂತು. ಅಳತೆಗೆ ಆಯ್ದ ಏಳು ತಾಣಗಳಲ್ಲಿ ದೊಮ್ಲೂರು, ಕಮ್ಮನಹಳ್ಳಿ, ವಿಕ್ಟೋರಿಯಾ ರಸ್ತೆಗಳು ದಂಡು ಮತ್ತು ಪೂರ್ವ ಭಾಗದವು. ಹಿನ್ನೆಲೆ ತಾಣವಾಗಿ ವೈಟ್‌ಫೀಲ್ಡ್ ಆಚೆಯ ಕನ್ನಮಂಗಲವಿತ್ತು. ಅಧ್ಯಯನದ ಪ್ರಕಾರ ನಗರದ ಪಿಎಂ10 ದಿನಕ್ಕೆ ಸುಮಾರು 54 ಟನ್, ಅದರಲ್ಲಿ ಕೈಗಾರಿಕೆಯ ಪಾಲು ಶೇ 14. ಸಾರಜನಕದ ಆಕ್ಸೈಡ್‌ಗಳು ಸುಮಾರು 217 ಟನ್, ಕೈಗಾರಿಕೆಯ ಪಾಲು ಶೇ 8. ಗಂಧಕದ ಡೈಆಕ್ಸೈಡ್ ಸುಮಾರು 14.6 ಟನ್, ಅದರಲ್ಲಿ ಕೈಗಾರಿಕೆಯದೇ ಶೇ 56.

ಮೇಲಿನ ಮಾದರಿ ಬಾಯ್ಲರನ್ನು ಈ ಅಂಕಿಗಳ ಪಕ್ಕ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಅದರ ಸಾರಜನಕದ ಆಕ್ಸೈಡ್‌ಗಳು ದಿನಕ್ಕೆ 21 ಕಿಲೊ. ನಗರದ ವಾಹನಗಳ ಮುಂದೆ ಅದು ಲೆಕ್ಕಕ್ಕಿಲ್ಲ. ಗಂಧಕದ ಡೈಆಕ್ಸೈಡ್ ಮಾತ್ರ ದಿನಕ್ಕೆ 182 ಕಿಲೊ. ಇಂಥ 45 ಬಾಯ್ಲರ್‌ಗಳು ಅಧ್ಯಯನ ಕೊಟ್ಟ ಇಡೀ ಕೈಗಾರಿಕಾ ಪಾಲನ್ನು ಸರಿಗಟ್ಟುತ್ತವೆ, 80 ಸೇರಿದರೆ ನಗರದ ಮೊತ್ತವನ್ನೇ. ನಗರದ ಗಂಧಕದ ಅಂದಾಜು ಕೆಲವೇ ಹತ್ತು ಬಾಯ್ಲರ್‌ಗಳ ಎಣ್ಣೆಯ ಮೇಲೆ ತೂಗಾಡುತ್ತದೆ ಎಂದಾಯಿತು. ಕೆಲವು ಬಾಯ್ಲರ್‌ಗಳು ಪಟ್ಟಿಯಿಂದ ಬಿಟ್ಟುಹೋದರೂ, ಗಂಧಕವನ್ನು ಶೇ 3ರ ಬದಲು 2 ಎಂದು ಹಿಡಿದರೂ ಮೊತ್ತ ಗಣನೀಯವಾಗಿ ಅಲುಗಾಡುತ್ತದೆ.

ತಂತ್ರಜ್ಞಾನ ಪಾರ್ಕ್, ಆಸ್ಪತ್ರೆ, ಹೋಟೆಲ್‌ಗಳಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ಕೊಂಡ ಡೀಸೆಲ್ ಬಾಯ್ಲರ್‌ಗೂ ಹೋಗುತ್ತದೆ, ಜನರೇಟರ್‌ಗೂ ಹೋಗುತ್ತದೆ. ಒಂದು ಕಿಲೊಲೀಟರ್ ಡೀಸೆಲ್ ಬಾಯ್ಲರ್‌ನಲ್ಲಿ ಉರಿದರೆ 2.4 ಕಿಲೊ ಸಾರಜನಕದ ಆಕ್ಸೈಡ್‌ಗಳು. ನಿಯಂತ್ರಣವಿಲ್ಲದ ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಉರಿದರೆ ಎಪಿ-42ರ ಅಂಕಿಯಂತೆ 70 ಕಿಲೊ ಮೀರುತ್ತದೆ. ಟೆರಿ ಅಧ್ಯಯನದ ಸಾರಜನಕದ ಆಕ್ಸೈಡ್‌ಗಳಲ್ಲಿ ಜನರೇಟರ್‌ಗಳ ಪಾಲು ಶೇ 23ಕ್ಕೆ ಏರಿದ್ದು ಇದೇ ಕಾರಣಕ್ಕೆ. ಎಣ್ಣೆಯ ಬಿಲ್ಲನ್ನು ಎರಡಾಗಿ ಸೀಳದೆ ಮಾಡಿದ ಅಂದಾಜು ಯಾವ ದಿಕ್ಕಿಗೂ ತಪ್ಪಬಹುದು.

ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರಗಳು ಅಂದಾಜನ್ನು ಪರೀಕ್ಷಿಸಲು ನೆರವಾಗುತ್ತವೆ. ರಾಜ್ಯ ಮಂಡಳಿ ಬಾಣಸವಾಡಿ, ದೊಮ್ಲೂರು, ವಿಕ್ಟೋರಿಯಾ ರಸ್ತೆ, ವೈಟ್‌ಫೀಲ್ಡ್ ಐಟಿಪಿಎಲ್, ಕಾಜಿಸೊಣ್ಣೇನಹಳ್ಳಿಗಳಲ್ಲಿ ಅಳತೆ ನಡೆಸಿದೆ. ವೈಟ್‌ಫೀಲ್ಡ್ ರಸ್ತೆಯ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ತಾಣವೂ ಬಹುಕಾಲ ಪಟ್ಟಿಯಲ್ಲಿತ್ತು. ಸುತ್ತಲ ನಿವಾಸಿಗಳು ಕಪ್ಪು ದೂಳಿನ ವಿರುದ್ಧ ವರ್ಷಗಟ್ಟಲೆ ದೂರಿದ ಆ ಕಾರ್ಖಾನೆ 2019ರಲ್ಲಿ ಮುಚ್ಚಿತು. ಅದು ಬಾಯ್ಲರ್‌ನ ಪ್ರಕರಣವಲ್ಲ. ಆದರೂ ನಗರದ ಸರಾಸರಿಯಲ್ಲಿ ಕರಗಿಹೋಗುವ ಒಂದು ಮೂಲ ಪಕ್ಕದ ಬೀದಿಗೆ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ನಿದರ್ಶನ. ಮೂಲವನ್ನು ಗುರುತಿಸಲು ಕಣಗಳಲ್ಲಿನ ಲೋಹಗಳೂ ಸಹಾಯಕ: ವನೇಡಿಯಂ ಮತ್ತು ನಿಕಲ್ ಜೊತೆಯಾಗಿ ಕಂಡರೆ ಭಾರ ಎಣ್ಣೆಯ ಉರಿಯ ಗುಮಾನಿ ಬಲವಾಗುತ್ತದೆ.

ಅನಿಶ್ಚಿತತೆ

ಎಪಿ-42 ತನ್ನ ಗುಣಾಂಕಗಳಿಗೆ ತಾನೇ ಎ-ಯಿಂದ ಇ-ವರೆಗೆ ದರ್ಜೆ ಕೊಟ್ಟುಕೊಂಡಿದೆ. ಆ ಅಂಕಿಗಳು ಅಮೆರಿಕದ ಬಾಯ್ಲರ್‌ಗಳ ಸರಾಸರಿ. ಹಳೆಯ ನಾಜಲ್, ಏರಿಳಿಯುವ ಭಾರ, ಬೆರಕೆ ಎಣ್ಣೆಗಳಿರುವ ಒಂದೇ ಒಂದು ಘಟಕಕ್ಕೆ ಅವನ್ನು ಅನ್ವಯಿಸಿ ತಪ್ಪೊಪ್ಪು ತೀರ್ಮಾನಿಸಲಾಗದು. ವಿಶ್ವಾಸದ ಕ್ರಮ ಹೀಗಿದೆ: ಇಂಗಾಲ ಮತ್ತು ಗಂಧಕದ ಅಂದಾಜು ಗಟ್ಟಿ, ಸಾರಜನಕದ್ದು ಮಧ್ಯಮ, ಕಣ ಮತ್ತು ಕಾರ್ಬನ್ ಮೊನಾಕ್ಸೈಡಿನದು ದುರ್ಬಲ. ಬರ್ನರ್ ಕೆಟ್ಟರೆ ಕೊನೆಯ ಎರಡು ಹಲವು ಪಟ್ಟು ಏರುತ್ತವೆ, ಗಂಧಕದ ಲೆಕ್ಕ ಅಲುಗುವುದಿಲ್ಲ. ಹಾಗಾಗಿ ಸೀಮಿತ ಹಣದಲ್ಲಿ ಚಿಮಣಿ ಅಳತೆಯನ್ನು ಕಣ ಮತ್ತು ಸಾರಜನಕಕ್ಕೆ ಮೀಸಲಿಟ್ಟು, ಗಂಧಕಕ್ಕೆ ಎಣ್ಣೆಯ ಪ್ರಯೋಗಾಲಯ ವರದಿಯನ್ನೇ ಕೇಳುವುದು ಬುದ್ಧಿವಂತಿಕೆ. ಕ್ಷಾರದ ನೀರಿನಿಂದ ಹೊಗೆ ತೊಳೆಯುವ ಸ್ಕ್ರಬ್ಬರ್ ಇದ್ದರೆ ಮಾತ್ರ ಗಂಧಕಕ್ಕೂ ಚಿಮಣಿಯ ಅಳತೆ ಅನಿವಾರ್ಯ.

ಇಂಧನ ಬದಲಾವಣೆ

ದಾಭೋಲ್–ಬೆಂಗಳೂರು ಅನಿಲ ಕೊಳವೆ ಮಾರ್ಗ 2013ರಲ್ಲಿ ಆರಂಭವಾದ ಮೇಲೆ ಗೇಲ್ ಗ್ಯಾಸ್ ನಗರದ ಕೈಗಾರಿಕೆಗಳಿಗೂ ಕೊಳವೆ ಅನಿಲ ಒದಗಿಸತೊಡಗಿತು. ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳಲ್ಲಿ ಫರ್ನೇಸ್ ಆಯಿಲ್ ಮತ್ತು ಪೆಟ್ ಕೋಕ್ ಬಳಕೆಯನ್ನು ತಡೆದದ್ದೂ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು ಸೇರಿದ್ದೂ ಹಗುರ ಇಂಧನದ ಪರವಾದ ಒತ್ತಡವನ್ನು ಹೆಚ್ಚಿಸಿದವು. ಆದರೆ ಅನಿಲ ಮತ್ತು ಎಣ್ಣೆ ಎರಡನ್ನೂ ಉರಿಸಬಲ್ಲ ಬರ್ನರ್‌ಗಳೂ ಬಳಕೆಯಲ್ಲಿವೆ. ಬೆಲೆ ಏರಿದಾಗ ಅಥವಾ ಪೂರೈಕೆ ನಿಂತಾಗ ಅವು ಮತ್ತೆ ಎಣ್ಣೆಗೆ ಹೊರಳಬಹುದು. ಆದ್ದರಿಂದ ಸಮ್ಮತಿಪತ್ರದಲ್ಲಿ 'ಅನಿಲ' ಎಂದು ಬರೆದಿರುವ ಬಾಯ್ಲರನ್ನು ಪಟ್ಟಿಯ ಗಂಧಕದ ಅಂಕಣದಿಂದ ಅಳಿಸುವ ಮೊದಲು ಆ ವರ್ಷ ಅದು ಕೊಂಡ ಇಂಧನದ ಬಿಲ್ಲುಗಳನ್ನು ನೋಡಬೇಕು. ತಿಂಗಳಿಗೆ ಕೊಂಡ ಇಂಧನ, ಅದರ ಗಂಧಕದ ಶೇಕಡಾ, ಬಾಯ್ಲರ್ ಓಡಿದ ಗಂಟೆಗಳು ಈ ಮೂರು ಅಂಕಣಗಳನ್ನು ಮಂಡಳಿಗೆ ಸಲ್ಲಿಸುವ ವಾರ್ಷಿಕ ವಿವರದಲ್ಲಿ ಸೇರಿಸಿದರೆ, ಹೊಸ ಉಪಕರಣವಿಲ್ಲದೆಯೇ ಪೂರ್ವ ಬೆಂಗಳೂರಿನ ಗಂಧಕದ ಪಟ್ಟಿಯನ್ನು ವರ್ಷವರ್ಷವೂ ನಂಬುವ ಮಟ್ಟಕ್ಕೆ ತರಬಹುದು.